ಮಿರ್ನಾಳ ಹದಿನೆಂಟು ಸಾವಿರ

ಮಿರ್ನಾ ಪ್ಲಾಟ್ಕಿನ್ ಮನೆಯಲ್ಲಿ ಯಾರಿಗೂ ಹೇಳದೆ ಮಾಡಿದ ಕೆಲಸ ಅಂಚೆಪೆಟ್ಟಿಗೆಯಲ್ಲಿ ಸಿಕ್ಕಿಬಿತ್ತು. ಸಿಕ್ಕಿಬೀಳದೆ ಇನ್ನೇನು? ಆಕ್ರನ್ ಊರಿನ ಆ ಮನೆಯಲ್ಲಿ ಈಗ ನಾಲ್ಕು ಜನ, ಅಂಚೆಪೆಟ್ಟಿಗೆ ಒಂದೇ. ಸೆಪ್ಟೆಂಬರಿನಲ್ಲಿ ಮಗ ನೀಲ್ ತನ್ನ ನೆಲಹಾಸಿನ ಅಂಗಡಿಗೆ ಬೀಗ ಜಡಿದು, ಬಾಡಿಗೆ ಮನೆ ಬಿಟ್ಟು, ಹೆಂಡತಿ ಡೆನೀಸಳ ಜೊತೆ ಅಮ್ಮನ ಮನೆಯ ಮಹಡಿ ಸೇರಿಕೊಂಡಿದ್ದ. ಅಂದಿನಿಂದ ಹನ್ನೊಂದು ಗಂಟೆಗೆ ಅಂಚೆಯವನ ಗಾಡಿ ಸದ್ದಾದ ಕೂಡಲೇ ಮನೆಯ ಸ್ಲಿಪ್ಪರಿನಲ್ಲೇ ಹಿಮ ತುಳಿದುಕೊಂಡು ಓಡುವುದು ಅವನಿಗೆ ಉಳಿದಿದ್ದ ಒಂದೇ ಉದ್ಯೋಗ. ಅಮ್ಮನ ಹೆಸರಿಗೆ ಬಂದ ಲಕೋಟೆ ಬಿಡಿಸುವ ಹಕ್ಕು ಅವನಿಗೆ ಯಾರು ಕೊಟ್ಟರೋ, ಡಿಸೆಂಬರಿನ ಆ ಮಂಗಳವಾರ ಅದನ್ನು ಬಿಡಿಸಿಕೊಂಡೇ ಒಳಗೆ ಬಂದ.

ಮಿರ್ನಾ ಅಡುಗೆಮನೆಯಲ್ಲಿ ಉಳಿದ ಟರ್ಕಿ ಕೋಳಿಯ ಮೂಳೆ ಹಾಕಿ ಸೂಪು ಕುದಿಸುತ್ತಿದ್ದಳು. ಮಗ ಚೆಕ್ಕನ್ನು ಒಲೆಯ ಪಕ್ಕ ಇಟ್ಟ.

"ಅಮ್ಮಾ, ಏನಿದು?"

"ಚೆಕ್ಕು. ಕಣ್ಣು ಚೆನ್ನಾಗೇ ಇದೆಯಲ್ಲ ನಿಂಗೆ."

"ಹದಿನೆಂಟು ಸಾವಿರ ಡಾಲರ್."

"ಹದಿನೆಂಟೇ. ಹದಿನೇಳು ಬರೆಯೋಕಾಗುತ್ತಾ?"

ಆಗುವುದಿಲ್ಲ, ಅದು ನೀಲ್‌ಗೂ ಗೊತ್ತು. ಅವರ ಯೆಹೂದಿ ಜನ ಮದುವೆಗೆ ಮುಯ್ಯಿ ಮಾಡಲಿ, ಆಸ್ಪತ್ರೆಗೆ ದಾನ ಕೊಡಲಿ, ಹದಿನೆಂಟರ ಲೆಕ್ಕದಲ್ಲೇ ಕೊಡುತ್ತಾರೆ; ಹೀಬ್ರೂವಿನಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಅಂಕಿ, 'ಜೀವ' ಎಂಬ ಪದ ಕೂಡಿಸಿದರೆ ಹದಿನೆಂಟು. ಅವನ ಹೊಟ್ಟೆ ಉರಿದದ್ದು ಚೆಕ್ಕಿನ ಮೇಲಿದ್ದ ಹೆಸರು ನೋಡಿ. ಬಡ ಯೆಹೂದಿಗಳ ಶವಸಂಸ್ಕಾರ ಸಂಘ. ಕೆಳಗಡೆ ಮಿರ್ನಾಳ ಪಿಂಚಣಿ ಖಾತೆಯ ನಂಬರು.

ಮಿರ್ನಾ ಮೂವತ್ತೊಂದು ವರ್ಷ ಟೈರು ಕಾರ್ಖಾನೆಯ ಸಂಬಳ ವಿಭಾಗದಲ್ಲಿ ದುಡಿದು ಕೂಡಿಟ್ಟ ಖಾತೆ ಅದು. ಎಪ್ಪತ್ತಮೂರು ದಾಟಿದವರು ಇಂಥ ಖಾತೆಯಿಂದ ವರ್ಷಕ್ಕೆ ಇಷ್ಟು ಎಂದು ತೆಗೆಯಲೇಬೇಕು, ತೆಗೆದದ್ದಕ್ಕೆ ತೆರಿಗೆ ಕಟ್ಟಲೇಬೇಕು. ಇದು ಸರಕಾರದ ಕಟ್ಟಪ್ಪಣೆ. ಒಂದೇ ಒಂದು ಕಿಂಡಿ ಉಂಟು. ಹಣ ನಮ್ಮ ಕೈಗೆ ಬಾರದೆ ನೇರ ಧರ್ಮಸಂಸ್ಥೆಯ ಹೆಸರಿಗೆ ಹೋದರೆ ತೆರಿಗೆ ಇಲ್ಲ. ಖಾತೆ ನೋಡಿಕೊಳ್ಳುವ ಕಂಪನಿ ಸಂಘದ ಹೆಸರಿಗೆ ಚೆಕ್ಕು ಬರೆದು ಮಿರ್ನಾಳ ವಿಳಾಸಕ್ಕೆ ಕಳಿಸುತ್ತದೆ, ಅವಳು ಅದನ್ನು ಒಯ್ದು ಕೊಡಬೇಕು. ಈ ವರ್ಷ ತೆಗೆಯಲೇಬೇಕಾದದ್ದು ಹನ್ನೆರಡು ಸಾವಿರದ ಹತ್ತಿರ. ಮಿರ್ನಾ ಹದಿನೆಂಟು ಬರೆಸಿದ್ದಳು. ತನ್ನ ದುಡ್ಡು, ತನ್ನ ಇಷ್ಟ.

"ನಾನು ಅಕ್ಟೋಬರಿನಿಂದ ನಲವತ್ತು ಸಾವಿರ ಕೇಳ್ತಿದ್ದೀನಿ," ಎಂದ ನೀಲ್. "ಕಾರು ತೊಳೆಯೋ ಅಂಗಡಿ. ಹೊಸ ವರ್ಷದೊಳಗೆ ಪಾಲು ಹಾಕದಿದ್ರೆ ಡ್ವೇನ್ ಬೇರೆಯವರನ್ನ ಸೇರಿಸ್ಕೊಳ್ತಾನೆ. ನಂಗೆ ಇಲ್ಲ ಅಂದೆ. ಸತ್ತೋರಿಗೆ ಹದಿನೆಂಟು."

"ನಿಂಗೆ ಇಲ್ಲ ಅಂದಿದ್ದು ಡ್ವೇನ್‌ನ ನೋಡಿ. ನಿನ್ನ ಮಗಳ ನರ್ಸಿಂಗ್ ಕಾಲೇಜಿನ ಫೀಸು ಕಟ್ತೀನಿ ಅಂದಿದ್ದೀನಲ್ಲ, ಕಟ್ತೀನಿ. ಕಾರು ತೊಳೆಯೋಕೆ ಒಂದು ಕಾಸಿಲ್ಲ."

"ಊರಿಗೆ ಉಪಕಾರಿ, ಮನೆಗೆ ಮಾರಿ. ಸತ್ತೋರಿಗೆ ಹಸಿವಾಗಲ್ಲ ಅಮ್ಮ. ಸತ್ತೋರು ಬಾಡಿಗೆ ಕಟ್ಟಬೇಕಾಗಿಲ್ಲ."

"ಅದಕ್ಕೇ ಕೊಡೋದು. ವಾಪಸ್ ಬಂದು ಥ್ಯಾಂಕ್ಸ್ ಹೇಳಲ್ಲ ಅವರು."

ಕಿಟಕಿಯ ಹತ್ತಿರ ಅರವ್ ಪತ್ರಿಕೆ ಹಿಡಿದು ಕೂತಿದ್ದ. ಮಿರ್ನಾಳ ಗಂಡ, ಎಪ್ಪತ್ತೊಂಬತ್ತು, ಜೀವಮಾನವೆಲ್ಲ ಊರವರ ಸೋಫಾಗಳಿಗೆ ಬಟ್ಟೆ ಹೊದಿಸಿದವನು. ಈಗ ಎರಡು ಸಲ ಎದೆ ಕೈಕೊಟ್ಟ ಮೇಲೆ ತಾನೇ ಸೋಫಾ ಬಿಟ್ಟು ಏಳುತ್ತಿರಲಿಲ್ಲ. ಮಗ ಅಪ್ಪನ ಕಡೆ ತಿರುಗಿದ. ಅರವ್ ಪತ್ರಿಕೆಯ ಹಿಂದಿನಿಂದಲೇ ಹೇಳಿದ:

"ನನ್ನ ಕೇಳಬೇಡ. ನಾನು ಆ ಸಂಘದ ಮುಂದಿನ ಗಿರಾಕಿ."

ಡೆನೀಸ್ ದಂತವೈದ್ಯರ ಕ್ಲಿನಿಕ್ಕಿನ ಕೆಲಸ ಮುಗಿಸಿಕೊಂಡು ಆರು ಗಂಟೆಗೆ ಬಂದಾಗ ಸೂಪು ಆರಿತ್ತು, ಜಗಳ ಆರಿರಲಿಲ್ಲ. ನೀಲ್ ಕೋಟು ಬಿಚ್ಚಲೂ ಬಿಡದೆ ಹೆಂಡತಿಗೆ ಎಲ್ಲ ಒಪ್ಪಿಸಿದ. ಅವಳು ಚೆಕ್ಕನ್ನು ಒಂದು ಸಲ ನೋಡಿದಳು, ಕೈ ತೊಳೆದುಕೊಂಡು ಬಂದು ಕೂತಳು, ನಾಲ್ಕು ಬಟ್ಟಲಿಗೆ ಸೂಪು ಬಡಿಸಿದಳು. ಈ ಮನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದವಳು ಅವಳೊಬ್ಬಳೇ. ದಿನಸಿ ಅವಳದು, ಗ್ಯಾಸಿನ ಬಿಲ್ಲು ಅವಳದು.

"ಮಿರ್ನಾ," ಎಂದಳು. ಮದುವೆಯಾದ ದಿನದಿಂದ ಅತ್ತೆಯನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು. ಬೇರೆ ಏನೆಂದು ಕರೆಯಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. "ದುಡ್ಡು ನಿಮ್ಮದು. ಆದರೆ ಒಂದೇ ಮೇಜಿನಲ್ಲಿ ಊಟ ಮಾಡ್ತೀವಿ. ಒಂದು ಮಾತು ಹೇಳಬಹುದಿತ್ತು."

ಸಂಘದ ವಿಷಯ ನಿನಗೆ ಹೇಳಿ ಏನಾಗಬೇಕಿತ್ತು, ಅಲ್ಲಿ ಸತ್ತ ಹೆಂಗಸರ ಮೈ ತೊಳೆಯುವುದು ತನ್ನ ಇಪ್ಪತ್ತಾರು ವರ್ಷದ ಕೆಲಸ ಎಂದು ಮಿರ್ನಾ ಗೊಣಗಿದಳು. ಗ್ಯಾಸಿನ ಬಿಲ್ಲು ಬೇಕಾದರೆ ನಾಳೆಯಿಂದ ತಾನೇ ಕಟ್ಟುತ್ತೇನೆ, ಯಾರೂ ನಿನ್ನನ್ನು ಕಟ್ಟು ಎಂದು ಕೇಳಿರಲಿಲ್ಲವಲ್ಲ ಎಂದೂ ಸೇರಿಸಿದಳು.

"ಅದನ್ನೇ ನಾನೂ ಹೇಳ್ತಿರೋದು," ಎಂದಳು ಡೆನೀಸ್. "ನನ್ನ ಯಾರೂ ಏನೂ ಕೇಳಲ್ಲ."

ಮಿರ್ನಾಳ ಈ ಹಟಕ್ಕೆ ಕಾರಣ ಅಕ್ಟೋಬರಿನದು. ಊರಾಚೆಯ ಒಂಟಿ ಕೋಣೆಯಲ್ಲಿ ಸಾಲ್ ಎಂಬ ಮುದುಕ ತೀರಿಕೊಂಡಿದ್ದ. ಹಿಂದೆ ಶಾಲೆಗಳಿಗೆ ಹಾಲು ಹಂಚುತ್ತಿದ್ದವನು, ಹೆಂಡತಿ ಮಕ್ಕಳಿಲ್ಲ. ಸಂಘಕ್ಕೆ ಸುದ್ದಿ ಮುಟ್ಟುವಷ್ಟರಲ್ಲಿ ಜಿಲ್ಲಾಡಳಿತದವರು ದಿಕ್ಕಿಲ್ಲದ ಹೆಣ ಎಂದು ಸುಟ್ಟುಬಿಟ್ಟಿದ್ದರು. ಯೆಹೂದಿಯ ಮೈ ಇಡಿಯಾಗಿ ಮಣ್ಣಿಗೆ ಹೋಗಬೇಕು. ಯುದ್ಧಕಾಲದ ಕುಲುಮೆಗಳಲ್ಲಿ ತಮ್ಮವರನ್ನು ಲಕ್ಷಗಟ್ಟಲೆ ಕಳೆದುಕೊಂಡ ಆ ಜನಕ್ಕೆ ಬೆಂಕಿ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಂಘ ನಡೆಸುವ ಕಾಮಿಂಕರ್ ಎಂಬ ಹಿರಿಯರು ಬೂದಿಯ ರಟ್ಟಿನ ಡಬ್ಬಿ ತಂದಾಗ ಅದನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತಿದ್ದವಳು ಮಿರ್ನಾ. ಸಂಘದ ಖಾತೆಯಲ್ಲಿ ಒಂಬೈನೂರು ಡಾಲರ್ ಮಾತ್ರ ಇದೆ, ವರ್ಷದ ಕೊನೆಗೆ ಬಾಗಿಲು ಹಾಕಿಬಿಡೋಣ ಎಂದಿದ್ದರು ಕಾಮಿಂಕರ್. ಹದಿನೆಂಟು ಸಾವಿರ ಎಂದರೆ ಮೂವರಿಗೆ ಪೆಟ್ಟಿಗೆ, ಗುಂಡಿ, ಮಣ್ಣು. ಮಿರ್ನಾ ಅವತ್ತೇ ನಿಶ್ಚಯ ಮಾಡಿಬಿಟ್ಟಿದ್ದಳು. ತಾನು ಬದುಕಿರುವಾಗ ಇನ್ನೊಬ್ಬರು ರಟ್ಟಿನ ಡಬ್ಬಿಯಲ್ಲಿ ಬರಕೂಡದು.

ಮರುದಿನ ಬೆಳಿಗ್ಗೆ ಅವಳು ಚೆಕ್ಕು ಒಯ್ದು ಕಾಮಿಂಕರ್ ಕೈಗಿಟ್ಟು ಬಂದಳು. ಮುಗಿಯಿತು ಎಂದುಕೊಂಡಳು.

ಎಲ್ಲಿ ಮುಗಿಯಿತು? ಹನುಕ್ಕಾ ಹಬ್ಬದ ಮೂರನೆಯ ಸಂಜೆ, ಮೂರು ಮೇಣದಬತ್ತಿ ಹಚ್ಚಿ ಆಲೂಗಡ್ಡೆ ಲಾಟ್ಕೆಗಳನ್ನು ಎಣ್ಣೆಗೆ ಬಿಡುತ್ತಿದ್ದಾಗ ಬಾಗಿಲ ಗಂಟೆ ಸದ್ದಾಯಿತು. ಕಾಮಿಂಕರ್. ಎಂಬತ್ತನಾಲ್ಕು ವಯಸ್ಸು, ಒಂದು ಕಾಲದಲ್ಲಿ ಊರಿಗೆಲ್ಲ ಔಷಧಿ ಕೊಟ್ಟವರು, ಕಿವಿಯವರೆಗೆ ಎಳೆದ ಉಣ್ಣೆ ಟೊಪ್ಪಿ. ಕೂತು, ಸೇಬಿನ ಗೊಜ್ಜಿನ ಜೊತೆ ಎರಡು ಲಾಟ್ಕೆ ತಿಂದು, ಬಾಯಿ ಒರೆಸಿಕೊಂಡು, ಕೋಟಿನ ಒಳಜೇಬಿನಿಂದ ಚೆಕ್ಕು ತೆಗೆದು ತಟ್ಟೆಯ ಪಕ್ಕ ಇಟ್ಟರು.

"ನಿಮ್ಮ ಮಗ ನಿನ್ನೆ ಮಂದಿರಕ್ಕೆ ಬಂದಿದ್ದ," ಎಂದರು. "ಮಕ್ಕಳ ಬಾಯಿಂದ ಕಿತ್ತು ಹೆಣಕ್ಕೆ ಕೊಡಿಸ್ಕೊಂಡ ಮುದುಕ ಅಂದ ನನ್ನ. ಪ್ರಾರ್ಥನೆಗೆ ಬಂದ ಹತ್ತು ಜನರ ಎದುರಿಗೆ."

ಮಿರ್ನಾ ಮಗನ ಕಡೆ ನೋಡಿದಳು. ಅವನು ಲಾಟ್ಕೆಯನ್ನು ನೋಡುತ್ತಿದ್ದ.

"ಕದ್ದ ಗೋಧಿಯ ರೊಟ್ಟಿಗೆ ಆಶೀರ್ವಾದ ಹೇಳಬಾರದು ಅಂತಾರೆ ಹಿರಿಯರು," ಕಾಮಿಂಕರ್ ಹೇಳಿದರು. "ಜಗಳದ ಮನೆಯ ದುಡ್ಡು ನನಗೆ ಬೇಡ ಮಿರ್ನಾ."

"ಕದ್ದದ್ದಾ? ಮೂವತ್ತೊಂದು ವರ್ಷ ಊರವರ ಸಂಬಳ ಎಣಿಸಿದ್ದೀನಿ ಕಾಮಿಂಕರ್. ಒಂದು ಡಾಲರ್ ಆಚೀಚೆ ಆಗಿಲ್ಲ."

"ನಿಮ್ಮನ್ನಲ್ಲ ಅಂದದ್ದು. ಮನೆಯವರು ಒಪ್ಪಿದ ಮೇಲೆ ತನ್ನಿ. ಮೂವತ್ತೊಂದರೊಳಗೆ."

ಮೂವತ್ತೊಂದರ ಮಹತ್ವ ಇಬ್ಬರಿಗೂ ಗೊತ್ತಿತ್ತು. ಅಷ್ಟರೊಳಗೆ ಚೆಕ್ಕು ಬ್ಯಾಂಕು ದಾಟದಿದ್ದರೆ ಈ ವರ್ಷದ ಲೆಕ್ಕಕ್ಕೆ ಇಲ್ಲ; ಸರಕಾರ ಮಿರ್ನಾಳಿಗೆ ದಂಡ ಹಾಕುತ್ತದೆ, ಸಂಘಕ್ಕೆ ಬೀಗ ಬೀಳುತ್ತದೆ. ಅದು ನೀಲ್‌ಗೂ ಗೊತ್ತಿತ್ತು. ಚೆಕ್ಕು ಕಂಪನಿಗೆ ವಾಪಸ್ ಕಳಿಸಿ, ತೆರಿಗೆ ಕಟ್ಟಿ, ದುಡ್ಡು ತೆಗೆದು ಡ್ವೇನ್‌ಗೆ ಕೊಡೋಣ ಎಂದು ಕಾಮಿಂಕರ್ ಹೋದ ಹತ್ತು ನಿಮಿಷಕ್ಕೇ ಶುರು ಮಾಡಿದ. ಮಿರ್ನಾ ಬಾಣಲೆ ಉಜ್ಜುತ್ತ ನಿಂತಳು. ಸಿಟ್ಟಿಗಿಂತ ನಾಚಿಕೆ ಹೆಚ್ಚಾಗಿತ್ತು ಅವಳಿಗೆ. ಇಪ್ಪತ್ತಾರು ವರ್ಷ ತಲೆ ಎತ್ತಿಕೊಂಡು ಹೋದ ಜಾಗಕ್ಕೆ ಹೆತ್ತ ಮಗ ಹೋಗಿ ಹತ್ತು ಜನರ ಎದುರು ಮುಖಕ್ಕೆ ಮಸಿ ಬಳಿದು ಬಂದಿದ್ದ.

ಆಮೇಲೆ ನಾಲ್ಕು ದಿನ ಅಮ್ಮ ಮಗನ ನಡುವೆ ಮಾತಿಲ್ಲ. ಊಟಕ್ಕೇನೂ ಕಡಿಮೆ ಮಾಡಲಿಲ್ಲ ಮಿರ್ನಾ. ಅವನಿಗೆ ಇಷ್ಟವಾದ ಮಾಂಸ, ಕಾಳು ಬೇಯಿಸಿದ ಚಾಲೆಂಟನ್ನೇ ಮಾಡಿದಳು; ತಟ್ಟೆಯನ್ನು ಮಾತ್ರ ಮೇಜಿಗೆ ಕುಕ್ಕಿ ಇಡುತ್ತಿದ್ದಳು. ಅರವ್ ಇಬ್ಬರ ನಡುವೆ ದೂತನಾದ. ಉಪ್ಪು ಬೇಕಂತೆ ನಿನ್ನ ಮಗನಿಗೆ, ಎನ್ನುವನು. ಉಪ್ಪು ಅವನ ಮೂಗಿನ ಕೆಳಗೇ ಇದೆ ಅನ್ನು, ಎನ್ನುವಳು. ಡೆನೀಸ್ ಎರಡೂ ಕಡೆ ಸೇರದೆ ಪಾತ್ರೆ ತೊಳೆದು, ಎರಡೂ ಬೆರೆಯಬಾರದೆಂಬ ಕಟ್ಟಳೆಯಂತೆ ಮಾಂಸದ್ದು ಒಂದು ಕಡೆ ಹಾಲಿನದು ಒಂದು ಕಡೆ ಜೋಡಿಸಿಟ್ಟು ಮಹಡಿ ಹತ್ತುತ್ತಿದ್ದಳು.

ಭಾನುವಾರ ಮಧ್ಯಾಹ್ನ ಊಟದ ನಡುವೆ ಫೋನು ಬಂತು. ಕಾಮಿಂಕರ್. ಚೆಕ್ಕಿನ ವಿಷಯವಲ್ಲ. ಬರ್ನೀಸ್ ಲೆಫ್ಕೋ ಸರಕಾರಿ ವೃದ್ಧಾಶ್ರಮದಲ್ಲಿ ಶನಿವಾರ ತೀರಿಕೊಂಡಿದ್ದಳು. ಕೇಳುವವರಿಲ್ಲ. ಅಲ್ಲಿನ ನರ್ಸೊಬ್ಬಳು ಪುಣ್ಯಾತ್ಗಿತ್ತಿ ನೆನಪಿಟ್ಟು ಫೋನು ಮಾಡಿದ್ದಳು. ಉಳಿದ ಒಂಬೈನೂರರ ಜೊತೆ ಅವರಿವರ ಹತ್ತಿರ ಕೈಸಾಲ ಮಾಡಿ ಇದೊಂದು ಮಣ್ಣು ಮಾಡೋಣ, ಇದೇ ಕೊನೆಯದು ಎಂದರು ಕಾಮಿಂಕರ್. ಸೋಮವಾರ ಬೆಳಿಗ್ಗೆ ಎಂಟಕ್ಕೆ ಮೈ ತೊಳೆಯಬೇಕು. ಹೆಂಗಸಿನ ಮೈಯನ್ನು ಹೆಂಗಸರೇ ತೊಳೆಯಬೇಕು, ಕೊನೇ ಪಕ್ಷ ನಾಲ್ವರು ಬೇಕು. ಯಾವಾಗಲೂ ಈ ಕೆಲಸಕ್ಕೆ ಬರುತ್ತಿದ್ದ ಗೇಲ್ ಸೊಂಟ ಮುರಿದುಕೊಂಡು ಮಲಗಿದ್ದಳು. ಚಳಿಗಾಲ ಬಂತೆಂದರೆ ಅರ್ಧ ಸಂಘ ಫ್ಲಾರಿಡಾದಲ್ಲಿ ಬಿಸಿಲು ಕಾಯಿಸುತ್ತಿರುತ್ತದೆ. ಮಿರ್ನಾ ಊಟ ಬಿಟ್ಟು ಏಳು ಕಡೆ ಫೋನು ಮಾಡಿದಳು. ಸಿಕ್ಕವರು ಇಬ್ಬರು. ತನ್ನನ್ನೂ ಸೇರಿಸಿ ಮೂವರು.

"ನಾನು ಬರ್ತೀನಿ," ಎಂದಳು ಡೆನೀಸ್.

ಮಿರ್ನಾ ಫೋನು ಕೆಳಗಿಟ್ಟಳು. "ಬೇಡ. ಅದು... ನಮ್ಮವರೇ ಮಾಡಬೇಕಾದ್ದು."

ಆಡಿದ ಮಾತು ಬಾಯಿ ದಾಟಿ ಮೇಜಿನ ಮೇಲೆ ಬಿದ್ದಾಗಿತ್ತು. ಅರವ್ ಕೈಯಲ್ಲಿದ್ದ ಫೋರ್ಕು ಕೆಳಗಿಟ್ಟ.

"ನಿಮ್ಮವರು ಅಂದ್ರೆ?" ಡೆನೀಸ್ ಕೇಳಿದಳು. ಧ್ವನಿ ಏರಲಿಲ್ಲ. "ಹೇಳಿ ಮಿರ್ನಾ. ನಿಮ್ಮವರು ಅಂದ್ರೆ ಯಾರು?"

ಡೆನೀಸ್ ಹುಟ್ಟಿದ್ದು ಬೇರೆ ಮತದಲ್ಲಿ. ಮದುವೆಗೆ ಮುಂಚೆ ಎರಡು ವರ್ಷ ಓದಿ, ಕ್ಲೀವ್ಲೆಂಡಿನಲ್ಲಿ ಮೂವರು ರಬ್ಬಿಗಳ ಮುಂದೆ ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಶುದ್ಧಿವಿಧಿಯ ಕೊಳದಲ್ಲಿ ಮುಳುಗೆದ್ದು ಯೆಹೂದಿಯಾದವಳು. ಯಾವ ಪಂಡಿತನೂ ತಪ್ಪು ಹುಡುಕಲಾರದ ದೀಕ್ಷೆ. ಹೀಗೆ ಬಂದವರಿಗೆ ಅವರ ಹಳೆಯದನ್ನು ನೆನಪಿಸಬಾರದು ಎಂಬುದು ಧರ್ಮದ ಕಟ್ಟಳೆ. ಮಿರ್ನಾ ಅದನ್ನು ಇಪ್ಪತ್ತೊಂದು ವರ್ಷ ಚಾಚೂ ತಪ್ಪದೆ ಪಾಲಿಸಿದ್ದೇನೆ ಎಂದು ಬೀಗುತ್ತಿದ್ದಳು. ಒಂದು ದಿನ ಬಾಯಿ ಬಿಟ್ಟು ಅಂದಿರಲಿಲ್ಲ. ಅನ್ನಲಿಲ್ಲ, ಸರಿ, ಲೆಕ್ಕಕ್ಕೆ ಹಿಡಿದಿರಲೂ ಇಲ್ಲ.

"ಹಾಲಿನ ಚಮಚ ಮಾಂಸದ ಡ್ರಾಯರಿಗೆ ಹಾಕೋರು ಯಾರು ಈ ಮನೇಲಿ?" ಎಂದಳು ಡೆನೀಸ್. "ನಾನಾ? ವಾರಕ್ಕೆರಡು ಸಲ ನಾನು ತೆಗೆದು ಸರಿ ಮಾಡ್ತೀನಿ, ನಿಮಗೆ ಗೊತ್ತಾಗದ ಹಾಗೆ. ಇಪ್ಪತ್ತೊಂದು ವರ್ಷದಲ್ಲಿ ಒಂದು ಸಲ ಕರೆದಿದ್ದೀರಾ ನನ್ನ? ಜನ ಸಾಲದೆ ಕ್ಯಾಂಟನ್‌ನಿಂದ, ಎಲ್ಲೆಲ್ಲಿಂದಲೋ ಕರೆಸ್ತೀರಿ. ಮಹಡಿ ಮೇಲಿರೋಳು ಕಾಣಲ್ಲ."

"ಬಿಡೇ ಡೆನೀಸ್," ನೀಲ್ ಬಾಯಿ ಹಾಕಿದ. "ನಿಂಗ್ಯಾಕೆ ಬೇಕು ಹೆಣದ ಕೆಲಸ."

"ನೀನು ಸುಮ್ನಿರು. ನಿನ್ನ ಸರದಿ ಆಮೇಲೆ."

ಮಿರ್ನಾಳಿಗೆ ಕೆನ್ನೆಗೆ ಹೊಡೆದಂತಾಗಿತ್ತು. ಡೆನೀಸ್ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕೊನೆಗೆ, ಏಳೂವರೆಗೆ ಹೊರಡಬೇಕು, ಉಗುರು ಕತ್ತರಿಸಿಕೊ, ಉಂಗುರ ತೆಗೆದಿಡು ಎಂದಷ್ಟೇ ಹೇಳಿದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಅರವ್ ತನ್ನಷ್ಟಕ್ಕೆ ಗುನುಗಿದ್ದಕ್ಕೆ ಇಬ್ಬರೂ ಒಟ್ಟಿಗೇ ಅವನನ್ನು ಗದರಿದರು.

ಬರ್ನೀಸಳನ್ನು ಮಿರ್ನಾ ಬಲ್ಲಳು. ಶಾಲಾ ಬಸ್ಸು ಓಡಿಸುತ್ತಿದ್ದ ಗಟ್ಟಿಗಿತ್ತಿ, ಬಾಯಿ ಬಲು ಜೋರು. ಒಮ್ಮೆ ಮಂದಿರದಲ್ಲಿ ಕೂರುವ ಜಾಗಕ್ಕೆ ಇಬ್ಬರಿಗೂ ಜಗಳವಾಗಿ ಒಂದು ವರ್ಷ ಮಾತು ಬಿಟ್ಟಿದ್ದರು. ಸೋಮವಾರ ಬೆಳಿಗ್ಗೆ ನೋಡಿದರೆ ಬಿಳಿ ಹಾಸಿನ ಕೆಳಗೆ ಹತ್ತು ವರ್ಷದ ಹುಡುಗಿಯಷ್ಟಾಗಿದ್ದಳು. ಮೈ ತೊಳೆಯುವ ಆ ಕೋಣೆಯಲ್ಲಿ ಯಾರೂ ಕಾಡುಹರಟೆ ಆಡುವಂತಿಲ್ಲ, ಮೈಯ ಯಾವ ಭಾಗವೂ ಬೇಕಿಲ್ಲದೆ ತೆರೆದಿರುವಂತಿಲ್ಲ, ಸತ್ತವಳ ಮೇಲಿಂದ ಏನನ್ನೂ ದಾಟಿಸುವಂತಿಲ್ಲ. ಮಿರ್ನಾ ಕಣ್ಣಸನ್ನೆಯಲ್ಲೇ ತೋರಿಸಿಕೊಟ್ಟಳು. ಡೆನೀಸ್ ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಬೆರಳ ಸಂದಿಗಳನ್ನು ಒರೆಸಿದಳು, ಗಂಟುಗಟ್ಟಿದ ಕೂದಲನ್ನು ಎಳೆಯದೆ, ಸಿಕ್ಕು ಸಿಕ್ಕಾಗಿ ಬಿಡಿಸಿದಳು. ಬಕೆಟಿನ ನೀರು ಧಾರೆ ಕಡಿಯದಂತೆ ಒಂದರ ಹಿಂದೊಂದು ಸುರಿಯಬೇಕು. ಮಿರ್ನಾಳ ಬಕೆಟು ಮುಗಿಯುವ ಮುಂಚೆಯೇ ಡೆನೀಸಳದು ಶುರುವಾಯಿತು. ಮೊದಲ ಸಲಕ್ಕೆ ಯಾರಿಗೂ ಅಷ್ಟು ಸರಿಯಾಗಿ ಬಂದದ್ದನ್ನು ಮಿರ್ನಾ ಕಂಡಿರಲಿಲ್ಲ. ಆಮೇಲೆ ನಾಲ್ವರೂ ಸೇರಿ ಬಿಳಿಯ ನಾರುಬಟ್ಟೆ ತೊಡಿಸಿದರು.

ಕೊನೆಯಲ್ಲಿ ಸತ್ತವಳನ್ನು ಹೀಬ್ರೂ ಹೆಸರು ಹಿಡಿದು ಕರೆದು ಕ್ಷಮೆ ಕೇಳುವುದು ಪದ್ಧತಿ. ಬರ್ನೀಸಳ ಹೆಸರನ್ನು ಕಾಮಿಂಕರ್ ಹಳೆಯ ಪುಸ್ತಕಗಳಲ್ಲಿ ಒಂದು ಇಡೀ ಸಂಜೆ ಹುಡುಕಿ ತಂದಿದ್ದರು. ಮಿರ್ನಾ ಪೆಟ್ಟಿಗೆಯ ಪಕ್ಕ ನಿಂತು ಹೇಳಿದಳು:

"ಬ್ರೈನಾ, ಮೋಶೆಯ ಮಗಳೇ, ನಿನ್ನ ಮಾನಕ್ಕೆ ನಮ್ಮಿಂದ ಏನಾದರೂ ಕುಂದಾಗಿದ್ದರೆ ಕ್ಷಮಿಸು."

ವಾಪಸ್ ಬರುವಾಗ ಕಾರು ಓಡಿಸುತ್ತಿದ್ದವಳು ಡೆನೀಸ್.

"ಕೊಟ್ಟುಬಿಡಿ ಆ ದುಡ್ಡು," ಎಂದಳು.

"ಒಪ್ಪಿದೆಯಾ ಹಾಗಾದ್ರೆ?"

"ಇಲ್ಲ. ನನಗೆ ಹೇಳದೆ ಮಾಡಿದ್ದು ತಪ್ಪೇ. ನಾಳೆ ಕೇಳಿದ್ರೂ ತಪ್ಪೇ ಅಂತೀನಿ. ಆದ್ರೂ ಕೊಡಿ. ಅವಳನ್ನ ಸುಟ್ಟುಬಿಡ್ತಿದ್ರು ಮಿರ್ನಾ. ಅಷ್ಟು ಉದ್ದ ಕೂದಲು."

ಆ ವಾರವೆಲ್ಲ ಮಹಡಿ ಮೇಲೆ ಗಂಡ ಹೆಂಡಿರ ಜಗಳ. ಮಾತುಗಳು ಕೆಳಗೆ ಕೇಳಿಸುತ್ತಿರಲಿಲ್ಲ, ಬಾಗಿಲು ಬಡಿಯುವುದು ಕೇಳಿಸುತ್ತಿತ್ತು. ಡ್ವೇನ್ ದಿನಕ್ಕೆರಡು ಸಲ ಫೋನು ಮಾಡುತ್ತಿದ್ದ. ನೀಲ್ ಒಂದು ದಿನ ಬೇಡಿಕೊಂಡ, ಒಂದು ದಿನ ಬೆದರಿಸಿದ, ಒಂದು ದಿನ ಅಪ್ಪನ ಮುಂದೆ ಕಣ್ಣೀರು ಹಾಕಿದ. ನಲವತ್ತೇಳು ವರ್ಷದ ಗಂಡಸು, ಇಪ್ಪತ್ತು ವರ್ಷ ನಡೆಸಿದ ಅಂಗಡಿ ಕಳೆದುಕೊಂಡು ಅಪ್ಪನ ಹಳೆಯ ಸ್ವೆಟರ್ ಹಾಕಿಕೊಂಡು ಕೂತಿದ್ದಾನೆ. ಕೊಟ್ಟುಬಿಡಲೇ ಎಂದು ಒಂದು ಗಳಿಗೆ ಮಿರ್ನಾಳಿಗೆ ಅನ್ನಿಸಿದ್ದೂ ಹೌದು. ಆದರೆ ಡ್ವೇನ್ ಇದಕ್ಕೆ ಮುಂಚೆ ಮುಳುಗಿಸಿದ ಎರಡು ಅಂಗಡಿಗಳೂ ಅವಳಿಗೆ ಗೊತ್ತಿದ್ದವು. ಮುಳುಗುವವನ ಕೈಗೆ ಕಲ್ಲು ಕೊಟ್ಟರೆ ತಾಯಿತನವೇ?

ಇಪ್ಪತ್ತೊಂಬತ್ತನೇ ತಾರೀಕು ಸೋಮವಾರ. ಬ್ಯಾಂಕು ಒಂಬತ್ತಕ್ಕೆ ತೆರೆಯುತ್ತದೆ; ಮೊದಲು ಮಂದಿರಕ್ಕೆ ಹೋಗಿ ಕಾಮಿಂಕರ್‌ಗೆ ಚೆಕ್ಕು ಒಪ್ಪಿಸಬೇಕು. ಮಿರ್ನಾ ಕೋಟು ತೊಟ್ಟು, ಚೆಕ್ಕು ಕೈಚೀಲಕ್ಕೆ ಹಾಕಿ, ಬಾಗಿಲ ಹತ್ತಿರದ ಮೊಳೆಗೆ ಕೈ ಹಾಕಿದರೆ ಅವಳ ಕಾರಿನ ಕೀಲಿ ಇಲ್ಲ. ನೀಲ್ ಮೆಟ್ಟಿಲ ಬುಡದಲ್ಲಿ ನಿಂತಿದ್ದ. ಕೀಲಿ ಅವನ ಮುಷ್ಟಿಯಲ್ಲಿತ್ತು.

"ಮೂವತ್ತೊಂದಕ್ಕೆ ಇನ್ನೂ ಎರಡು ದಿನ ಇದೆ ಅಮ್ಮ. ಡ್ವೇನ್ ಇವತ್ತು ಸಂಜೆ ತನಕ ಕಾಯ್ತೀನಿ ಅಂದಿದ್ದಾನೆ."

"ಕೀಲಿ ಕೊಡು."

"ನೀನು ಈ ಬಾಗಿಲು ದಾಟಿದ್ರೆ ನಾನು ಈ ಮನೇಲಿ ಇರಲ್ಲ."

ಮಿರ್ನಾ ಕೋಟಿನ ಗುಂಡಿ ಹಾಕಿಕೊಂಡಳು. "ಸೂಟ್‌ಕೇಸು ನೆಲಮಾಳಿಗೇಲಿದೆ. ಹೋಗೋದಾದ್ರೆ ತಗೊಂಡು ಹೋಗು. ಇರೋದಾದ್ರೆ ಆರು ಗಂಟೆಗೆ ಊಟ, ಶ್ಯಾವಿಗೆ ಕುಗೆಲ್ ಮಾಡಿದ್ದೀನಿ. ನಡೆದುಕೊಂಡು ಹೋಗೋಕೆ ನಂಗೆ ಬರುತ್ತೆ. ಎರಡು ಮೈಲಿ ಅಷ್ಟೇ."

ಅವಳು ಬಾಗಿಲು ತೆರೆದಳು. ಹಿಮದ ಗಾಳಿ ಒಳಗೆ ನುಗ್ಗಿತು. ಮಹಡಿಯಿಂದ ಡೆನೀಸ್ ಬೂಟು ಹಾಕಿಕೊಂಡೇ ಇಳಿದು ಬಂದಳು, ಕೈಯಲ್ಲಿ ತನ್ನ ಕಾರಿನ ಕೀಲಿ. ಗಂಡನ ಮುಂದೆ ನಿಂತಳು.

"ಶುಕ್ರವಾರ ಹತ್ತು ಗಂಟೆಗೆ ಟೈಲ್ಸ್ ಅಂಗಡಿಯವರು ನಿನ್ನ ನೋಡಬೇ‌ಕಂತೆ. ಮ್ಯಾನೇಜರ್ ಕೆಲಸ. ಅಂಗಡಿ ನಮ್ಮ ಕ್ಲಿನಿಕ್ಕಿನ ಡಾಕ್ಟರ ತಮ್ಮಂದು. ನಾನೇ ಮಾತಾಡಿದ್ದೀನಿ," ಎಂದಳು. "ಗಡ್ಡ ಮಾಡ್ಕೋ."

"ನೀನು ಯಾರ ಕಡೆ ಡೆನೀಸ್?"

"ನಾನು ನನ್ನ ಕಡೆ. ಬನ್ನಿ ಮಿರ್ನಾ, ಒಂಬತ್ತಾಯ್ತು."

ಮಂದಿರದ ಹಿಂಭಾಗದ ಕೋಣೆಯಲ್ಲಿ ಕಾಮಿಂಕರ್ ಕಡತಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ಮಿರ್ನಾ ಚೆಕ್ಕನ್ನು ಅವರ ಮುಂದೆ ಇಟ್ಟಳು. ಅವರು ಅದನ್ನು ಮುಟ್ಟಲಿಲ್ಲ. ಮನೆಯವರೆಲ್ಲ ಒಪ್ಪಿದರೇ ಎಂದು ಕೇಳಿದರು.

ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹತ್ತು ಜನರ ಎದುರು ಆದ ಅವಮಾನಕ್ಕೆ ಒಂದು ಪುಟ್ಟ ಸುಳ್ಳು ಸಾಕಾಗಿತ್ತು.

"ಇಲ್ಲ," ಎಂದಳು ಮಿರ್ನಾ. "ಮಗ ಒಪ್ಪಿಲ್ಲ. ಒಪ್ಪೋದೂ ಇಲ್ಲ. ಒಪ್ಪೋ ತನಕ ಕಾಯ್ತಾ ಕೂತ್ರೆ ಇನ್ನಷ್ಟು ಜನರನ್ನ ಸುಡ್ತಾರೆ. ಇದು ನಾನು ದುಡಿದದ್ದು ಕಾಮಿಂಕರ್. ಗಂಡ ಕೊಟ್ಟಿದ್ದಲ್ಲ, ಮಗ ಕೊಟ್ಟಿದ್ದಲ್ಲ. ಬರೋ ವರ್ಷ ಬದುಕಿದ್ರೆ ಬರೋ ವರ್ಷವೂ ಕೊಡ್ತೀನಿ. ನೀವು ತಗೊಳ್ಳಲ್ಲ ಅಂದ್ರೆ ನಾನೇ ಬ್ಯಾಂಕಿಗೆ ಹೋಗಿ ಸಂಘದ ಖಾತೆಗೆ ಕಟ್ಟಿ ಬರ್ತೀನಿ. ತಡೀರಿ ನೋಡೋಣ."

ಕಾಮಿಂಕರ್ ಡೆನೀಸಳ ಕಡೆ ತಿರುಗಿದರು. "ನೀನಮ್ಮ?"

"ನಾನೂ ಪೂರ್ತಿ ಒಪ್ಪಿಲ್ಲ," ಎಂದಳು ಡೆನೀಸ್. "ತಗೊಳ್ಳಿ."

ಮುದುಕರಿಗೆ ನಗು ತಡೆಯಲಾಗಲಿಲ್ಲ. ಎಂಬತ್ತನಾಲ್ಕು ವರ್ಷದಲ್ಲಿ ಇಬ್ಬರು ಯೆಹೂದಿಗಳು ಪೂರ್ತಿ ಒಪ್ಪಿದ್ದನ್ನು ತಾನೂ ಕಂಡಿಲ್ಲ ಎಂದರು. ಚೆಕ್ಕಿನ ಹಿಂದೆ ಸಂಘದ ಮುದ್ರೆ ಒತ್ತಿ, ರಸೀದಿ ಬರೆದು, ತುಂಬಿದ್ದ ಕಡತಗಳನ್ನು ಒಂದೊಂದಾಗಿ ಪೆಟ್ಟಿಗೆಯಿಂದ ಹೊರಗೆ ತೆಗೆಯತೊಡಗಿದರು. ಕಡತದಡಿಯಿಂದ ಮೈ ತೊಳೆಯುವ ಹೆಂಗಸರ ಸರದಿಯ ಪುಸ್ತಕವೂ ಬಂತು. ಸಂಘ ಉಳಿಯುವುದಾದರೆ ಜನ ಬೇಕಲ್ಲ ಎಂದು ಅದನ್ನು ಬಿಡಿಸಿ ಮಿರ್ನಾಳ ಮುಂದಿಟ್ಟರು. ಹೊಸಬಳನ್ನು ಕರೆತಂದವಳೇ ಅವಳ ಹೀಬ್ರೂ ಹೆಸರು ಬರೆಯಬೇಕು. ವರ್ಷಕ್ಕೊಮ್ಮೆ ಆ ಹೆಸರುಗಳನ್ನು ಮಂದಿರದಲ್ಲಿ ಓದುತ್ತಾರೆ.

ಮಿರ್ನಾ ಪೆನ್ನು ತೆಗೆದುಕೊಂಡಳು. ಪೆನ್ನು ಕಾಗದದ ಮೇಲೆ ನಿಂತಿತು, ಮುಂದೆ ಹೋಗಲಿಲ್ಲ. ದಿಕ್ಕಿಲ್ಲದೆ ಸತ್ತ ಬರ್ನೀಸಳ ಹೆಸರು ಗೊತ್ತು, ಬರ್ನೀಸಳ ಅಪ್ಪನ ಹೆಸರೂ ಗೊತ್ತು. ಇಪ್ಪತ್ತೊಂದು ವರ್ಷದಿಂದ ಮಗನ ಹೆಂಡತಿಯಾಗಿರುವವಳ ಹೆಸರು ಗೊತ್ತಿಲ್ಲ.

"ನನಗೆ ಗೊತ್ತಿಲ್ಲ," ಎಂದಳು.

"ಮದುವೇಲಿ ಓದಿದ್ರು," ಎಂದಳು ಡೆನೀಸ್. "ಗಟ್ಟಿಯಾಗೇ ಓದಿದ್ರು."

"ಓದಿದ್ರು. ನಾನು ಬೇಕಂತಲೇ ಕೇಳಿಸ್ಕೊಳ್ಳಲಿಲ್ಲ. ತಪ್ಪು ನಂದು."

"ಈಗ ಕೇಳಿಸ್ಕೊಳ್ತೀರಾ?"

"ಹೇಳಮ್ಮ."

ಡೆನೀಸ್ ಕಿಟಕಿಯ ಕಡೆ ನೋಡಿದಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. "ತಿರ್ಸಾ," ಎಂದಳು. "ಅಬ್ರಹಾಮ, ಸಾರಾ ಇವರ ಮಗಳು."

ದೀಕ್ಷೆ ಪಡೆದು ಬಂದವರಿಗೆಲ್ಲ ಆ ಮೂಲ ದಂಪತಿಗಳೇ ತಂದೆತಾಯಿ. ಮಿರ್ನಾ ಒಂದೊಂದೇ ಅಕ್ಷರ ಕೂರಿಸಿ ಬರೆದಳು. ಬರೆದು ಮುಗಿಸಿ, ಪುಸ್ತಕ ಎತ್ತಿ ಹಿಡಿದು, ಪಕ್ಕದ ಹಾಲಿನಲ್ಲಿ ಪ್ರಾರ್ಥನೆ ಮುಗಿಸಿ ಕಾಫಿ ಕುಡಿಯುತ್ತಿದ್ದ ಅದೇ ಹತ್ತು ಜನರಿಗೂ ಕೇಳುವ ಹಾಗೆ ಹೆಸರನ್ನು ಓದಿದಳು.

ಕಾಮಿಂಕರ್ ಕಿವಿ ಮುಚ್ಚಿಕೊಂಡರು. "ನಾನೇನು ಕಿವುಡನಾ ಮಿರ್ನಾ, ಹೀಗೆ ಕೂಗ್ತೀರಲ್ಲ?"

"ನಿಮಗಲ್ಲ ಓದಿದ್ದು," ಎಂದಳು ಮಿರ್ನಾ, ಮತ್ತು ಇನ್ನೊಂದು ಸಲ ಓದಿದಳು.